ಕೊರಂಗಾಡಿನಲ್ಲಿ ಉಳಿದ ಒಂದು ಕುರಿ

ತೋಟದ ಮನೆ, ಕಾಂಗೇಯಂ ಹತ್ತಿರ
14 ಸೆಪ್ಟೆಂಬರ್ 2025, ಭಾನುವಾರ

ನನ್ನ ಕಣ್ಣು ಧರಣಿಗೆ,

ಅಮ್ಮನ ತುಂಬು ಹರಕೆಗಳು. ಪೀಳಮೇಡಿನ ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದು ನಂಬಿದ್ದೇನೆ. ಆಡಿ ಹದಿನೆಂಟರ ಹಬ್ಬಕ್ಕೆ ನೀನು ಬಂದು ಹೋದ ಮೇಲೆ ಆರು ವಾರ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಕೋಪ ಬರುತ್ತಿತ್ತು. ಕೋಪ ಬಂದರೆ ನನ್ನ ಅಕ್ಷರ ಕೆಡುತ್ತದೆ. ಕೋಪ ಇನ್ನೂ ಇಳಿದಿಲ್ಲ, ಆದರೆ ಶುಕ್ರವಾರ ಹತ್ತಿರ ಬಂದಿದೆ. ನೀನು ಬಿಟ್ಟುಹೋದ ಪುಟ್ಟ ಕುಕ್ಕರ್ ಅಟ್ಟದ ಮೇಲೆ ಭದ್ರವಾಗಿದೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ಮಾತಾಡಿದರೆ ನಿನ್ನ ಅಪ್ಪನ ಕಿವಿ ಪಕ್ಕದಲ್ಲೇ ಇರುತ್ತದೆ. ಈ ಮನೆಯಲ್ಲಿ ಕನ್ನಡ ಮಾತು ಎಲ್ಲರಿಗೂ ಬರುತ್ತದೆ, ಅಕ್ಷರ ನಮ್ಮಿಬ್ಬರಿಗೆ ಮಾತ್ರ. ತಾಳವಾಡಿಯ ಕನ್ನಡ ಶಾಲೆಯಿಂದ ನಾನು ತಂದ ಬಳುವಳಿ ಅದೊಂದೇ. ‘ಕ ಕುರಿ, ಗ ಗರಿ, ತಪ್ಪಿದರೆ ಮತ್ತೆ ಬರಿ’ ಎಂದು ನಿನಗೆ ಕಲಿಸಿದ್ದು ಇಂಥ ದಿನಕ್ಕೇ ಇರಬೇಕು. ಈ ಕಾಗದವನ್ನು ಮೇಜಿನ ಮೇಲೆ ತೆರೆದಿಟ್ಟರೂ ನಿನ್ನ ಅಪ್ಪನಿಗೆ ಜಿಲೇಬಿ ಸುತ್ತಿಟ್ಟಂತೆ ಕಾಣುತ್ತದೆ, ಅಷ್ಟೇ.

ವಿಷಯ ಇದು. ನಿನ್ನ ಅಪ್ಪ ಕುರಿಗಳನ್ನೆಲ್ಲ ಮಾರಿಬಿಟ್ಟರು.

ಅವತ್ತು ಊಟಕ್ಕೆ ಕೂತು ನೀನು ಹೇಳಿದ್ದು ನೆನಪಿದೆಯಾ? ಒಂದು ಕಿಲೋ ಮಾಂಸಕ್ಕೆ ಎಷ್ಟು ಸಾವಿರ ಲೀಟರ್ ನೀರು, ಕುರಿ ತೇಗಿದರೆ ಆಕಾಶ ಎಷ್ಟು ಬಿಸಿ, ಜನರೆಲ್ಲ ಸೊಪ್ಪು ತರಕಾರಿ ತಿಂದರೆ ಭೂಮಿಗೆ ಎಷ್ಟು ತಂಪು ಎಂದು. ನೀನು ಬಸ್ಸು ಹತ್ತಿ ಹೋದೆ. ನಿನ್ನ ಅಪ್ಪ ಮೂರು ದಿನ ಬೇಲಿಯ ಸುತ್ತ ಒಬ್ಬರೇ ಓಡಾಡಿದರು. ನಾಲ್ಕನೆಯ ದಿನ ಸಂತೆಯ ವ್ಯಾಪಾರಿಯನ್ನು ಕರೆಸಿದರು. ಮೂವತ್ತೆರಡು ಕುರಿ ಟೆಂಪೋ ಹತ್ತಿದವು. ಅವೇನು ತಪಸ್ಸಿಗೆ ಹೋದವೇ? ನಮ್ಮಲ್ಲಿದ್ದರೆ ಎಷ್ಟೋ ವರ್ಷ ಮೇಯುತ್ತಿದ್ದ ತಾಯಿಕುರಿಗಳೂ ಆ ವಾರವೇ ಕಸಾಯಿ ಅಂಗಡಿ ಸೇರಿದವು. ಒಕ್ಕಣ್ಣಿನ ಮುದಿ ಕುರಿ ಮಾತ್ರ ವ್ಯಾಪಾರಿಗೆ ಬೇಡವಾಯಿತು. ಹನ್ನೆರಡು ಎಕರೆ ಕೊರಂಗಾಡಿಗೆ, ಬೇಲಿ ಹಾಕಿದ ನಮ್ಮ ಹುಲ್ಲುಗಾವಲಿಗೆ, ಈಗ ಅದೊಂದೇ ಒಡತಿ. ದಿನವಿಡೀ ಗೇಟಿನ ಹತ್ತಿರ ನಿಂತು ಟೆಂಪೋ ಹೋದ ದಾರಿ ನೋಡುತ್ತದೆ.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಬರುವ ಶುಕ್ರವಾರ ಜೆಸಿಬಿ ಬಂದು ಕಿಳುವೆ ಮುಳ್ಳಿನ ಬೇಲಿಯನ್ನು ಬೇರುಸಹಿತ ಕೀಳುತ್ತದಂತೆ. ಬಿಳಿಜಾಲಿ ಮರಗಳೂ ಹೋಗುತ್ತವೆ. ಹುಲ್ಲು ಉತ್ತು ಟೊಮೆಟೊ ಹಾಕುತ್ತಾರಂತೆ. ನೀರು? ಬೋರ್ ಲಾರಿಯ ತಂಗವೇಲು ಮೊನ್ನೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಸೆಲೆ ಹುಡುಕುತ್ತ ಇಡೀ ಕೊರಂಗಾಡು ಸುತ್ತಿದ. ಕಾಯಿ ಎದ್ದು ನಿಂತದ್ದು ಎಲ್ಲಿ ಗೊತ್ತಾ? ಅವನ ಲಾರಿ ಸುಲಭವಾಗಿ ತಿರುಗುವ ಜಾಗದಲ್ಲಿ. "ಇಂಗದಾನುಂಗ ತಣ್ಣಿ!" ಎಂದು ಕುಣಿದ. ಇಲ್ಲೇ ನೀರು ಸರಿ, ಎಷ್ಟು ಆಳಕ್ಕೆ ಎಂದು ಕೇಳಿದೆ. ಒಂಬೈನೂರು ಅಡಿ ಹೋಗಬೇಕಾಗಬಹುದು ಎಂದ.

ಹುಲ್ಲು ತಿಂದ ಕುರಿಗೆ ಕೇಸು, ಬೋರು ಕೊರೆವ ಲಾರಿಗೆ ಪಾಸು. ಇದು ನಿನ್ನ ಪರಿಸರ, ಕಣ್ಣು.

"ಏನುಂಗ, ಇದು ಮಳೆ ಬಿಟ್ಟು ಬೇರೆ ನೀರೇ ಕೇಳದ ಕಾಡು, ಇದರ ತಂಟೆಗೆ ಹೋಗಬೇಡಿ" ಎಂದೆ.

"ಏ ಗೋಮತಿ, ನೀ ಬಿ.ಎ. ಕನ್ನಡ. ಪಾಪ್ಪಾ ಪರಿಸರಾನೇ ಓದ್ತಾಳೆ. ಅವಳಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ?" ಎಂದರು.

ನಿನ್ನ ತಾತನ ಬಾಯಿಗೂ ಬೆಲೆಯಿಲ್ಲ. ಆ ಬೇಲಿ ಅವರ ತಾಯಿ ನೆಟ್ಟದ್ದು. ಹಗ್ಗದ ಮಂಚದ ಮೇಲೆ ಕೂತು ಮಗನನ್ನು ಕೇಳಿದರು: "ಮಳೆ ಕೊಟ್ಟ ಹುಲ್ಲ ಕುರಿ ತಿಂತು, ಕುರಿ ಕೊಟ್ಟ ಗೊಬ್ಬರ ಹುಲ್ಲು ತಿಂತು. ನಡುವೆ ನಿಂಗೇನುಡಾ ಹಸಿವು?" ಅಪ್ಪ ಎದ್ದು ಹೋದರು.

ನಿನ್ನ ಲೆಕ್ಕ ಸುಳ್ಳೆಂದು ನಾನು ಹೇಳುವುದಿಲ್ಲ. ಲಾರಿಗಟ್ಟಲೆ ಜೋಳ ಸುರಿದು ಶೆಡ್ಡಿನಲ್ಲಿ ಕೋಳಿ ಉಬ್ಬಿಸುವವರ ಮುಂದೆ ನಿಂತು ಹೇಳು, ನಾನೂ ಪಕ್ಕದಲ್ಲಿ ನಿಂತು ಪ್ರಾಸ ಕಟ್ಟಿಕೊಡುತ್ತೇನೆ. ದಿನಾ ಮಾಂಸ ಬೇಕೆನ್ನುವ ಪೇಟೆಯವರಿಗೂ ಹೇಳು. ನಾವು ತಿನ್ನುವುದು ತಿಂಗಳಿಗೆ ಎರಡು ಸಲ. ಬುಧವಾರ ಪುರಟ್ಟಾಸಿ ಮಾಸ ಹುಟ್ಟಿದರೆ ಪೆರುಮಾಳ್ ದೇವರ ಹೆಸರಲ್ಲಿ ತಿಂಗಳು ಪೂರ್ತಿ ಅದೂ ಇಲ್ಲ. ಆದರೆ ಈ ಕಾಡಿನಲ್ಲಿ ಮಳೆಗೆ ಬೆಳೆಯುವುದು ಕೊಳುಕಟ್ಟೆ ಹುಲ್ಲು ಮಾತ್ರ. ಅದನ್ನು ನಾನು ಹುಳಿ ಮಾಡಿ ಬಡಿಸಲೇ, ಪಲ್ಯ ಮಾಡಿ ಬಡಿಸಲೇ? ಬೇಲಿಯ ಬುಡದಲ್ಲಿ ಕೌಜುಗ ಮೊಟ್ಟೆ ಇಡುತ್ತಿತ್ತು. ನಿನ್ನನ್ನು ಎತ್ತಿಕೊಂಡು ತೋರಿಸುತ್ತಿದ್ದೆ. ಟೊಮೆಟೊ ಗಿಡಕ್ಕೆ ಔಷಧಿ ಹೊಡೆದ ಮೇಲೆ ಅದು ಎಲ್ಲಿಗೆ ಹೋಗಬೇಕು? ನೀನು ಪುಸ್ತಕದ ಕುರಿಯನ್ನು ಎಣಿಸಿದೆ. ನಮ್ಮ ಕುರಿಯನ್ನೂ ಒಮ್ಮೆ ಕೇಳಬೇಕಿತ್ತು.

ನಿನ್ನ ಅಪ್ಪ ಪರಿಸರಕ್ಕಾಗಿ ಇದನ್ನೆಲ್ಲ ಮಾಡುತ್ತಿಲ್ಲ ಎಂಬುದು ನಿನಗೂ ಗೊತ್ತು. ಮಗಳ ಕಣ್ಣಲ್ಲಿ ಕೆಟ್ಟವನಾಗಬಾರದು, ಅಷ್ಟೇ ಆ ಮನುಷ್ಯನಿಗೆ. ಬೇಲಿ ಕಿತ್ತ ದಿನ ಫೋಟೋ ತೆಗೆದು ನಿನಗೆ ಕಳಿಸಬೇಕೆಂದಿದ್ದಾರೆ. ಅದಕ್ಕೇ ನನ್ನ ಮಾತಿಗೂ ತಾತನ ಮಾತಿಗೂ ಬಗ್ಗದವರು ನಿನ್ನ ಒಂದು ಮಾತಿಗೆ ಬಗ್ಗುತ್ತಾರೆ. ಗುರುವಾರ ಸಾಯಂಕಾಲದೊಳಗೆ ಬಾ. ಕೊರಂಗಾಡಿನೊಳಗೆ ಅಪ್ಪನ ಜೊತೆ ಒಂದು ಸುತ್ತು ನಡೆ. ಆಮೇಲೂ ಬೇಲಿ ಕೀಳುವುದೇ ಸರಿ ಎಂದು ನಿನಗೆ ಅನ್ನಿಸಿದರೆ ನಾನು ಬಾಯಿ ಮುಚ್ಚಿಕೊಂಡು ಟೊಮೆಟೊ ಸಾರು ಮಾಡುತ್ತೇನೆ. ಬೇಡ ಅನ್ನಿಸಿದರೆ ಅವರಿಗೆ ಹೇಳು. ನಾಲ್ಕು ತಾಯಿಕುರಿ ತಂದರೆ ಸಾಕು, ಮಿಕ್ಕದ್ದು ಅವೇ ನೋಡಿಕೊಳ್ಳುತ್ತವೆ.

ಚೆನ್ನಾಗಿ ಓದು, ಕಣ್ಣು ಕೆಡಿಸಿಕೊಳ್ಳಬೇಡ. ನೆಟ್ಟ ಬೇಲಿ ಚಿಗುರಿದ ಹಾಗೆ ಚಿಗುರು.

ನಿನ್ನ ಅಮ್ಮ,
ಗೋಮತಿ

ಮತ್ತೊಂದು ಮಾತು: ಆಡಿ ಹದಿನೆಂಟರ ದಿನ ಐದು ಗಂಟೆಗೆ ಎದ್ದು ನಿನಗೆಂದೇ ಹುರುಳಿ ಸಾರು ಮಾಡಿದ್ದೆ. ನೀನು ಪಾತ್ರೆಯನ್ನು ಮೂಸಿ, "ಇದರಲ್ಲಿ ಮಾಂಸ ಬೇಯಿಸಿದ್ಯಾಮ್ಮಾ?" ಎಂದು ಕೇಳಿ, ಚೀಲದಿಂದ ಆ ಹೊಸ ಕುಕ್ಕರ್ ತೆಗೆದು ನಿನ್ನ ಅನ್ನ ನೀನೇ ಬೇಯಿಸಿಕೊಂಡೆ. ನಾನು ನಕ್ಕೆ. ಸಾರನ್ನು ಎರಡು ದಿನ ನಾನೂ ತಾತನೂ ತಿಂದೆವು. ಪುರಟ್ಟಾಸಿಗೆ ಇನ್ನೂ ಮೂರು ದಿನ ಇದೆ. ನಾನು ಅವತ್ತಿನಿಂದಲೇ ಮಾಂಸ ಮುಟ್ಟಿಲ್ಲ. ನಿನ್ನ ಅಪ್ಪ ಕೇಳಿದ್ದಕ್ಕೆ ಹರಕೆ ಎಂದಿದ್ದೇನೆ. ಒಂದು ಪಾತ್ರೆ, ಒಂದು ಸೌಟು, ನಿನ್ನ ತಟ್ಟೆ, ಮೂರನ್ನೂ ಹುಣಸೆಹಣ್ಣು ಹಾಕಿ ಬೆಳಗಿ ಬೇರೆ ಇಟ್ಟಿದ್ದೇನೆ. ಇದರಿಂದ ಭೂಮಿಗೆ ಎಷ್ಟು ಲಾಭವೋ ನೀನೇ ಲೆಕ್ಕ ಹಾಕು. ಗುರುವಾರ ದಾರಿಯಲ್ಲಿ ಏನೂ ತಿನ್ನಬೇಡ, ಹಸಿದುಕೊಂಡು ಬಾ.