ಖಾಲಿ ಎನ್ನುವ ಕೆಲಸ

ಜೂನ್ ೧೪, ಮಂಗಳವಾರ

ಪ್ರೀತಿಯ ಪುಟ್ಟೂಗೆ ಅಕ್ಕನ ನೆನಪುಗಳು.

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲು ಕೂತದ್ದೆಷ್ಟೋ ಸಲ, ಎದ್ದದ್ದೂ ಅಷ್ಟೇ ಸಲ. ಅಕ್ಕನಿಗೆ ಕೊಬ್ಬು ಬಂದಿದೆ ಅಂತ ನಿನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿರುತ್ತೀಯ, ನನಗೆ ಗೊತ್ತು. ಬೈದುಕೋ, ಪರವಾಗಿಲ್ಲ. ಫೋನು ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಒಂದು ಕೋಣೆಯಲ್ಲಿ ಆಡಿದ ಮಾತು ಎಲ್ಲ ಕೋಣೆಗೂ ಕೇಳುತ್ತದೆ, ನಿನ್ನ ಭಾವನ ಕಿವಿಯಂತೂ ಇನ್ನೂ ಭಾರಿ ಚುರುಕು. ನಾನು ಹೇಳಬೇಕಾದದ್ದು ಅವರ ವಿಷಯವೇ.

ಮೊದಲು ಒಳ್ಳೆಯ ಮಾತು. ನಿನ್ನ ಮಗಳು ನರ್ಸಿಂಗ್ ಮುಗಿಸಿದ್ದು ಕೇಳಿ ತುಂಬ ಸಂತೋಷವಾಯಿತು. ಸೂಜಿ ಕಂಡರೆ ಮಂಚದಡಿ ಸೇರುತ್ತಿದ್ದವಳು ಈಗ ಊರಿಗೆಲ್ಲ ಸೂಜಿ ಚುಚ್ಚುತ್ತಾಳಲ್ಲ! ನನ್ನ ಹೆಸರಿನಲ್ಲಿ ಅವಳ ಕೆನ್ನೆ ಹಿಂಡು. ನಿನ್ನ ಬೆನ್ನುನೋವು ಹೇಗಿದೆ? ಭಾರ ಎತ್ತಬೇಡ ಅಂದರೆ ಕೇಳುವ ಜಾತಿಯಲ್ಲ ನೀನು.

ಇನ್ನು ನಿನ್ನ ಭಾವ. ಹಲ್ಲಿನ ಸೆಟ್ಟು ಕಟ್ಟುವ ಕೆಲಸ ಬಿಟ್ಟಾಗ ಇವರು ಹೇಗಿದ್ದರು ನಿನಗೆ ನೆನಪಿರಬೇಕು. ಊರಿನ ಅರ್ಧಕ್ಕರ್ಧ ಮುದುಕರ ನಗು ಇವರ ಕೈಯಲ್ಲೇ ತಯಾರಾದದ್ದು, ಆದರೆ ಇವರ ಮುಖದಲ್ಲಿ ನಗುವೇ ಇರಲಿಲ್ಲ. ಮಾಡಲು ಕೆಲಸವಿಲ್ಲದೆ ನನ್ನ ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸುತ್ತ ನನ್ನ ತಲೆ ತಿನ್ನುತ್ತಿದ್ದರು. ಆಗ ನೀನು ಬಂದು, "ಭಾವಾ, ಇಷ್ಟು ಗಟ್ಟಿ ಕೈ ಇಟ್ಕೊಂಡು ಡಬ್ಬ ಜೋಡಿಸ್ತಾ ಕೂತಿದೀರಲ್ಲ, ನಡೀರಿ" ಅಂತ ಶೂಟಿಂಗ್ ಕ್ಲಬ್ಬಿಗೆ ಎಳೆದುಕೊಂಡು ಹೋದೆ. ಆ ಸಂಜೆ ತೂತು ಬಿದ್ದ ಕಾಗದವೊಂದನ್ನು ತಂದು ಊಟದ ಮೇಜಿನ ಮೇಲೆ ಹರಡಿ, "ನೋಡೇ, ಎಲ್ಲ ಕಪ್ಪು ವೃತ್ತದ ಒಳಗೇ ಬಿದ್ದಿದೆ" ಅಂತ ಕುಣಿದಾಡಿದರು. ಅಂಥ ಮುಖವನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಅದಕ್ಕೇ ನಿನ್ನ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ.

ಲೈಸೆನ್ಸು ಕೈಗೆ ಬಂದ ಮೇಲೆ ಮೂವರೂ ಹೋಗಿ ಪಿಸ್ತೂಲು ಕೊಂಡೆವಲ್ಲ, ಆ ದಿನ ಅಂಗಡಿಯವನು ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಒಂದೊಂದಾಗಿ ಇಟ್ಟ. ಇವರು ಒಂದೊಂದನ್ನೂ ಎತ್ತಿ, ತೂಗಿ, ಕಣ್ಣು ಮುಚ್ಚಿ ಹಿಡಿದು ನೋಡಿ ಕೆಳಗಿಡುತ್ತಿದ್ದರು. ಕೊನೆಗೆ ಸಣ್ಣ ಗುಂಡಿನ, ಮರದ ಹಿಡಿಯ ಒಂದನ್ನು ಹಿಡಿದು, "ಇದು ನನ್ನ ಕೈಗೇ ಅಳತೆ ತಗೊಂಡು ಹೊಲಿದ ಹಾಗಿದೆ" ಅಂದರು. "ಅಕ್ಕನ್ನ ಒಪ್ಪಕ್ಕೂ ನೀವು ಇಷ್ಟು ಹೊತ್ತು ತಗೊಂಡಿರ್ಲಿಲ್ಲ" ಅಂತ ನೀನು ಕಿಚಾಯಿಸಿದೆ. ಅಂಗಡಿಯವನೂ ನಕ್ಕ.

ಮನೆಗೆ ಬಂದು ಆ ನಿಯಮ ಮಾಡಿದ್ದೂ ನೀನೇ. ಗುಂಡಿಲ್ಲದ ಪಿಸ್ತೂಲು ಹಿಡಿದು ಚಿಕ್ಕ ಕೋಣೆಯ ಗೋಡೆಯ ಮೇಲಿನ ಕಪ್ಪು ಚುಕ್ಕೆಗೆ ಗುರಿಯಿಟ್ಟು, ಟ್ರಿಗರ್ ಒತ್ತಿ ದಿನಾ ಬೆಳಿಗ್ಗೆ ಅಭ್ಯಾಸ ಮಾಡಬೇಕು, ಆದರೆ ಮಾಡುವವನು ತನ್ನ ಕಣ್ಣನ್ನು ತಾನೇ ನಂಬಬಾರದು, ಇನ್ನೊಬ್ಬರು ಒಳಗೆ ನೋಡಿ ಬಾಯಿಬಿಟ್ಟು ಹೇಳಬೇಕು ಅಂದೆ. "ಎರಡನೇ ಕಣ್ಣು ನಿಂದೇ ಅಕ್ಕಾ" ಅಂತ ನನ್ನನ್ನು ನೇಮಿಸಿ ಹೋದೆ. ಅಂದಿನಿಂದ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಸರಿ, ಇವರು ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆಳೆದು, ಮೂತಿ ಗೋಡೆಯ ಕಡೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನಿಂತಿರುತ್ತಾರೆ. ನಾನು ಕೈ ಒರೆಸಿಕೊಂಡು ಬಂದು, ಗುಂಡು ಕೂರುವ ತೂತಿನೊಳಗೆ ಬಗ್ಗಿ ನೋಡಿ, "ಖಾಲಿ" ಅನ್ನಬೇಕು. ತಲೆಯಾಡಿಸಿದರೆ ನಡೆಯದು. "ಬಾಯಲ್ಲಿ ಹೇಳೇ" ಅನ್ನುತ್ತಾರೆ. ಮದುವೆಯಾದಾಗಿನಿಂದ ಇವರು ಚಾಚೂ ತಪ್ಪದೆ ಕೇಳುವ ನನ್ನ ಮಾತು ಇದೊಂದೇ ನೋಡು.

ಈಗ ಆಗಿರುವುದು ಏನೆಂದರೆ, ಇವರಿಗೆ ಮರೆಯುತ್ತಿದೆ. ವಯಸ್ಸಾದವರೆಲ್ಲ ಕನ್ನಡಕ ಹುಡುಕುವ ಹಾಗಲ್ಲ. ಒಂದು ದಿನ ಕ್ಲಬ್ಬಿನಿಂದ ಮನೆಗೆ ಬರುವ ದಾರಿಯೇ ತಪ್ಪಿ, ಅಲ್ಲಿನ ತರಬೇತಿ ಮೇಷ್ಟ್ರು ಕರೆದುಕೊಂಡು ಬಂದು ಬಿಟ್ಟರು. ಆಮೇಲೆ ಬಟ್ಟೆ ಒಗೆಯುವಾಗ ಪ್ಯಾಂಟಿನ ಜೇಬಿನಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು, ತೆಗೆದರೆ ಗುಂಡು. "ಇದೇನ್ರೀ?" ಅಂದರೆ, "ಅರೆ, ಇದು ಹೇಗೆ ಬಂತು?" ಅಂತ ನನ್ನನ್ನೇ ಕೇಳಿದರು. ಗುಂಡುಗಳನ್ನೆಲ್ಲ ಕ್ಲಬ್ಬಿನಲ್ಲೇ ಇಡುವಂತೆ ಮೇಷ್ಟ್ರಿಗೆ ಹೇಳಿದೆ. ಅವರೂ ಒಪ್ಪಿದರು, ಇವರೂ ಒಪ್ಪಿದರು. ಆದರೂ ಒಂದು ಸಲ ಕನ್ನಡಕದ ಡಬ್ಬಿಯಲ್ಲಿ ಸಿಕ್ಕಿತು, ಇನ್ನೊಂದು ಸಲ ಚಪ್ಪಲಿಯೊಳಗೆ. ಕ್ಲಬ್ಬಿನಲ್ಲಿ ಹೊಡೆದು ಉಳಿದದ್ದನ್ನು ಜೇಬಿಗೆ ಹಾಕಿಕೊಂಡು ಬಂದು, ಜೋಪಾನವಾಗಿ ಎಲ್ಲೋ ಇಟ್ಟು, ಇಟ್ಟದ್ದನ್ನು ಮರೆಯುತ್ತಾರೆ.

ಬೇಸಿಗೆಗೆ ಮುಂಚೆ ಒಂದು ಬೆಳಿಗ್ಗೆ ಇವರು ಎಂದಿನಂತೆ ಹಿಡಿದು ನಿಂತರು. ಬಗ್ಗಿ ನೋಡಿದೆ. ಒಳಗೆ ಹಿತ್ತಾಳೆ ಫಳಕ್ಕನೆ ಹೊಳೆಯಿತು. ಗುಂಡು, ಪುಟ್ಟೂ. ಆ ಕಪ್ಪು ಚುಕ್ಕೆಯಿರುವುದು ಹಲಗೆಯ ತೆಳುಗೋಡೆಯ ಮೇಲೆ. ಅದರಾಚೆ ಪಕ್ಕದ ಮನೆಯ ಟೈಲರಮ್ಮ ಗೋಡೆಗೆ ಬೆನ್ನು ಕೊಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ ಹೊಲಿಯುತ್ತಾಳೆ. "ಖಾಲಿ ಇಲ್ಲ ರೀ" ಅಂದೆ. ಇವರು ನೋಡಿದರು. ಗುಂಡು ತೆಗೆದು, ಪಿಸ್ತೂಲು ಕೆಳಗಿಟ್ಟು, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ನಾನು ಹಾಕಿಲ್ಲ ಕಣೇ. ನಾನು ಹಾಕಿದ್ರೆ ನಂಗೆ ಗೊತ್ತಾಗಲ್ವಾ?" ಅಂದರು. ಆಮೇಲೆ ಅವರೇ, "ಬೇಡ, ಇದು ಇನ್ನು ಈ ಮನೇಲಿ ಬೇಡ. ವಾಪಸ್ ಕೊಟ್ಬಿಡೋಣ" ಅಂತ ಅತ್ತರು. ನಾನೂ ಅತ್ತೆ, ಆದರೆ ನನ್ನದು ಸಮಾಧಾನದ ಅಳು. ಬುದ್ಧಿ ಇರುವಾಗಲೇ ಬುದ್ಧಿವಂತರಾದರಲ್ಲ ಅನ್ನಿಸಿತು.

ಮರುದಿನ ಇಬ್ಬರೂ ಅದೇ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ಪಿಸ್ತೂಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅಂಗಡಿಯವನು ಗುರುತು ಹಿಡಿದು, ಎದ್ದು ನಿಂತು, "ಬನ್ನಿ ಸಾರ್, ಏನು ಬೇಕಿತ್ತು?" ಅಂದ. ಇವರು ಗಾಜಿನ ಮೇಜಿನೊಳಗೆ ಬಗ್ಗಿ ನೋಡಿದರು. ಒಂದನ್ನು ತೋರಿಸಿ ತೆಗೆಸಿದರು. ತೂಗಿದರು, ಕಣ್ಣು ಮುಚ್ಚಿದರು. "ನೋಡೇ ಇಲ್ಲಿ, ಇದು ನನ್ನ ಕೈಗೇ ಅಳತೆ ತಗೊಂಡು ಹೊಲಿದ ಹಾಗಿದೆ" ಅಂದರು. ಪುಟ್ಟೂ, ಅದು ನಮ್ಮದೇ ಥರದ್ದು, ಅದೇ ಮರದ ಹಿಡಿ. ಅಂಗಡಿಯವನು ನನ್ನ ಮುಖ ನೋಡಿದ. "ಸಾರ್, ನಿಮ್ ಲೈಸೆನ್ಸಲ್ಲಿ ಒಂದೇ ಇರೋದು. ನಿಮ್ಹತ್ರ ಆಗ್ಲೇ ಇದೆಯಲ್ಲ" ಅಂತ ಮೆಲ್ಲಗೆ ಹೇಳಿದ. ಇವರು ಕೈಯಲ್ಲಿದ್ದ ಪೆಟ್ಟಿಗೆ ನೋಡಿಕೊಂಡು, ಪೆಚ್ಚಾಗಿ ನಕ್ಕು, ನನ್ನ ಕಡೆ ತಿರುಗಿ, "ನಾವು ಯಾಕೆ ಬಂದ್ವಿ?" ಅಂದರು.

ನಾನು ಹೇಳಬೇಕಿತ್ತು. ಅದನ್ನು ಹೇಳಲೆಂದೇ ಹೋದವಳು. ಆದರೆ ಅಂಗಡಿಗೆ ಬಂದಿದ್ದ ಅಷ್ಟು ಜನರ ನಡುವೆ ಎಳೆಮಗುವಿನ ಹಾಗೆ ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು. "ಎಣ್ಣೆ ತಗೊಳಕ್ಕೆ ಬಂದ್ವಿ ರೀ, ಪಿಸ್ತೂಲಿಗೆ ಉಜ್ಜೋ ಎಣ್ಣೆ" ಅಂದುಬಿಟ್ಟೆ. "ಹೌದಲ್ಲ!" ಅಂತ ಮುಖ ಅರಳಿಸಿದರು. ಎಣ್ಣೆ ಕೊಂಡು, ಪಿಸ್ತೂಲನ್ನೂ ಜೊತೆಗೆ ಕರೆದುಕೊಂಡು ಮನೆಗೆ ಬಂದೆವು.

ಆಮೇಲೆ ನಾನೊಬ್ಬಳೇ ಅಂಗಡಿಗೆ ಹೋದೆ. "ಲೈಸೆನ್ಸ್ ಇರೋರೇ ಬಂದು ಕೈಯಾರೆ ಕೊಡ್ಬೇಕಮ್ಮ. ನಿಮ್ ಕೈಯಿಂದ ತಗೊಂಡ್ರೆ ನಾನು ಒಳಗೆ ಹೋಗ್ತೀನಿ" ಅಂದ. ಲೈಸೆನ್ಸ್ ಕಚೇರಿಯಲ್ಲಿ ಡಾಕ್ಟರ ಕಾಗದ ತನ್ನಿ ಅಂದರು. ಡಾಕ್ಟರು ಇವರನ್ನು ಕೂರಿಸಿ ತಿಂಗಳು, ವಾರ, ಲೆಕ್ಕ ಎಲ್ಲ ಕೇಳಿದರು. ಆವತ್ತು ಇವರು ಪರೀಕ್ಷೆಗೆ ಓದಿಕೊಂಡು ಬಂದವರ ಹಾಗೆ ಪಟಪಟ ಉತ್ತರ ಕೊಟ್ಟು, ಡಾಕ್ಟರ ಹಲ್ಲು ನೋಡಿ, "ಮೇಲಿನ ಎಡಗಡೆಯದು ಕಟ್ಟಿಸಿದ್ದಲ್ವಾ? ಕೆಲಸ ಚೆನ್ನಾಗಿಲ್ಲ" ಅಂತ ಬೇರೆ ಹೇಳಿದರು! ಡಾಕ್ಟರು ನಗುತ್ತ, "ಈಗ್ಲೇ ಏನೂ ಬರ್ಕೊಡಕ್ಕಾಗಲ್ಲಮ್ಮ, ಆರು ತಿಂಗಳು ನೋಡೋಣ" ಅಂದರು. ಕ್ಲಬ್ಬಿನ ಮೇಷ್ಟ್ರನ್ನು ಕೇಳಿದರೆ, "ನಮ್ಮ ಕಣ್ಮುಂದೆ ಒಂದು ತಪ್ಪೂ ಮಾಡಲ್ಲ ತಾಯಿ, ಅವರ ಕೈಗೆ ಎಲ್ಲ ನೆನಪಿದೆ" ಅನ್ನುತ್ತಾರೆ. ಎಲ್ಲರೂ ಒಳ್ಳೆಯವರೇ. ಯಾರ ಮೇಲೆ ಕೂಗಾಡಲಿ?

ಮುಚ್ಚಿಡಲೂ ನೋಡಿದೆ. ಪಿಸ್ತೂಲನ್ನು ಅಟ್ಟದ ಮೇಲೆ ಹಳೆಯ ಹಾಸಿಗೆಯೊಳಗೆ ತುರುಕಿದೆ. ಇವರು ಮನೆಯನ್ನೆಲ್ಲ ಬುಡಮೇಲು ಮಾಡಿ, ಊಟ ಬಿಟ್ಟು, ಕಳ್ಳತನವಾಗಿದೆ ಅಂತ ಪೊಲೀಸ್ ಠಾಣೆಗೆ ಹೊರಟು ನಿಂತರು. ದೂರು ಬರೆಸಿದರೆ, ಜೋಪಾನ ಮಾಡಲಿಲ್ಲ ಅಂತ ಇವರ ಮೇಲೇ ಬರುತ್ತದೆಂದು ಹೆದರಿ ನಾನೇ ತೆಗೆದುಕೊಟ್ಟೆ. "ನೀನು ಹೀಗೆ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ" ಅಂದರು. ಆ ಗುಂಡು ಸಿಕ್ಕ ಬೆಳಗು ಅವರಿಗೆ ಸ್ವಲ್ಪವೂ ನೆನಪಿಲ್ಲ. ನನಗೆ ಅದು ಬಿಟ್ಟು ಬೇರೇನೂ ನೆನಪಿಲ್ಲ. ಈಗ ಪಿಸ್ತೂಲಿಟ್ಟ ಬೀರುವಿನ ಕೀಲಿಯನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ, ಸ್ನಾನಕ್ಕೂ ತೆಗೆಯುವುದಿಲ್ಲ.

ಮಕ್ಕಳಿದ್ದಿದ್ದರೆ ಅವರ ಹತ್ತಿರ ಅತ್ತುಕೊಳ್ಳುತ್ತಿದ್ದೆ. ನಮಗಿರುವುದು ನೀನು. ನಿನ್ನ ಲೈಸೆನ್ಸಿನಲ್ಲಿ ಇನ್ನೊಂದಕ್ಕೆ ಜಾಗವಿದೆ ಅಂತ ನೀನೇ ಹಿಂದೆ ಹೇಳಿದ್ದೆ. ನೀನು ಬಂದು, ಇವರನ್ನು ಕಚೇರಿಗೆ ಕರೆದೊಯ್ದು, "ಭಾವಾ, ನಂಗೆ ಕೊಡಿ, ನಾನು ಸ್ಪರ್ಧೆಗೆ ತಗೊಂಡ್ ಹೋಗ್ತೀನಿ" ಅಂದರೆ ಕೊಟ್ಟಾರು. ನಿನ್ನ ಮಾತೆಂದರೆ ಇವರಿಗೆ ಪ್ರಾಣ. ಗಾಬರಿಬಿದ್ದು ಓಡಿ ಬರಬೇಡ, ರಜೆ ಸಿಕ್ಕಾಗ ಬಾ. ಅಲ್ಲಿಯವರೆಗೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ. ದಿನಾ ಬೆಳಿಗ್ಗೆ ನಾನು ನೋಡಿ ಹೇಳದೆ ಅವರು ಗುರಿಯಿಡುವುದಿಲ್ಲ.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ಮಗಳಿಗೆ ಒಳ್ಳೆಯ ಕೆಲಸ ಸಿಗಲಿ, ಅವಳ ಕೈ ಮುಟ್ಟಿದವರೆಲ್ಲ ಬೇಗ ಎದ್ದು ಓಡಾಡಲಿ. ನೀನು ನೂರು ವರ್ಷ ಬಾಳು, ಆದರೆ ಭಾರ ಎತ್ತದೆ ಬಾಳು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಲಕೋಟೆ ಅಂಟಿಸಲು ಹೊರಟವಳು ಮತ್ತೆ ಕೂತಿದ್ದೇನೆ. ರಜೆ ಸಿಕ್ಕಾಗ ಬಾ ಅಂದೆನಲ್ಲ, ಅದನ್ನು ಹೊಡೆದುಹಾಕು.

ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ. ಬೇಸಿಗೆಯಲ್ಲಿ ಶುರುವಾಯಿತು, ಈಗ ಪೂರ್ತಿ ಮಂಜು. ಈ ಪತ್ರಕ್ಕೆ ಇಷ್ಟು ದಿನ ಹಿಡಿದದ್ದೂ ಅದಕ್ಕೇ, ಸಾಲು ಬರೆಯುವುದು ಕೈಯ ಅಭ್ಯಾಸದಿಂದ. ಆ ತೂತಿನೊಳಗೆ ನನಗೆ ಏನೂ ಕಾಣಿಸುವುದಿಲ್ಲ. ಟಾರ್ಚು ಹಾಕಿದರೆ ಬೆಳಕೆಲ್ಲ ಹಾಲು ಚೆಲ್ಲಿದ ಹಾಗೆ ಹರಡಿಕೊಳ್ಳುತ್ತದೆ. ಬೆರಳು ಹಾಕಿ ನೋಡು ಅನ್ನುತ್ತೀಯ, ಅಷ್ಟು ಸಣ್ಣ ತೂತಿಗೆ ಬೆರಳು ಎಲ್ಲಿ ಹೋದೀತು? ಆಪರೇಷನ್ ಮಾಡಿಸಿಕೊಂಡರೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸುತ್ತಾರೆ, ಆಗ ಇವರ ಜೊತೆ ಯಾರಿರುತ್ತಾರೆ? ನನಗೆ ಕಾಣಿಸುವುದಿಲ್ಲ ಅಂತ ಒಂದು ಬೆಳಿಗ್ಗೆ ಇವರಿಗೆ ಹೇಳಿಯೂ ಹೇಳಿದೆ. "ಅಯ್ಯೋ ಪಾಪ" ಅಂದು ನನ್ನ ತಲೆ ಸವರಿದರು. ಮರುದಿನ ಮತ್ತೆ ಹಿಡಿದು ನಿಂತರು. ಬೇರೆಯವರನ್ನು ಕರೆಯೋಣ ಅಂದರೆ, "ನಿನ್ನ ಬಿಟ್ಟು ಯಾರನ್ನ ನಂಬ್ಲಿ?" ಅನ್ನುತ್ತಾರೆ. ನಾನು ಬಾಯಿ ಬಿಡದಿದ್ದರೆ ಬೆಳಕಿಗೆ ಹಿಡಿದುಕೊಂಡು ನಿಂತೇ ಇರುತ್ತಾರೆ, "ಹೇಳೇ, ಹೇಳೇ" ಅನ್ನುವ ದನಿಯಲ್ಲಿ ಅಳು ತುಂಬುತ್ತದೆ. ಅದನ್ನು ಕೇಳಲಾರದೆ "ಖಾಲಿ" ಅಂತ ಹೇಳಿಬಿಡುತ್ತೇನೆ.

ಇವತ್ತೂ ಹೇಳಿದೆ. ಒಳಗೆ ಹೋದರು. ಬರೀ ಟಕ್ ಅನ್ನುವ ಸದ್ದು ಕೇಳುವವರೆಗೆ ಬಾಗಿಲ ಹೊರಗೆ ಕಿವಿ ಮುಚ್ಚಿಕೊಳ್ಳಲೂ ಆಗದೆ, ಬಿಡಲೂ ಆಗದೆ ನಿಂತಿದ್ದೆ. ನಾಳೆ ಬೆಳಿಗ್ಗೆ ಮತ್ತೆ ತಂದು ಹಿಡಿಯುತ್ತಾರೆ, ನನ್ನ ಬಾಯನ್ನೇ ನೋಡುತ್ತಾರೆ. ನಾನು ಏನು ಹೇಳಲಿ, ಪುಟ್ಟೂ?