ಸದಸ್ಯರ ಪುಸ್ತಕದಲ್ಲಿಲ್ಲದ ಹೆಸರು

ಫೆಬ್ರವರಿ 19, 1957. ಬೆಳಗಿನ ಜಾವ 4.10

ಮಾಡಿನಿಂದ ಹಿಮ ಜಾರಿ ಬಿದ್ದ ಸದ್ದು. ಎಚ್ಚರ. ಮೊದಲು ತೊಟ್ಟಿಲಿಗೆ ಕಿವಿ — ಸೈಲಸ್ ಉಸಿರಾಡುತ್ತಿದ್ದಾನೆ. ಇನ್ನು ನಿದ್ದೆ ಎಲ್ಲಿಯದು. ಅಡುಗೆಮನೆ ಮೇಜು, ಚರ್ಚಿನ ಹಳೇ ದಾಖಲೆಗಳು. ನಮ್ಮ ಕಾಂಗ್ರಿಗೇಷನಲ್ ಚರ್ಚಿಗೆ ನೂರೈವತ್ತು ತುಂಬಿತು. ಚರಿತ್ರೆ ನಾನೇ ಬರೆಯಬೇಕಂತೆ, ಕಾಲೇಜು ಓದಿದವಳಲ್ಲವೆ. 1807ರಲ್ಲಿ ಹನ್ನೊಂದು ಮಂದಿ ಕೊಟ್ಟಿಗೆಯಲ್ಲಿ ಕೂತು ಈ ಚರ್ಚಿನ ಮೊದಲ ಸಭೆಯಾದರು. ಒಬ್ಬಳು ಥರ್ಜಾ ಪೂಲ್, ಕಂಕುಳಲ್ಲಿ ಕೂಸು. ಕಾಲು ಕಾಯಿಸಿಕೊಳ್ಳಲು ಕೆಂಡದ ಪೆಟ್ಟಿಗೆ ತಂದಿದ್ದಳಂತೆ. ಓದುತ್ತ ಓದುತ್ತ ನನ್ನ ಪಾದವೂ ಬೆಚ್ಚಗಾದಂತೆ...

ಫೆಬ್ರವರಿ 27

ಚರ್ಚು ಮುಚ್ಚಿ ಕೆಳಪೇಟೆಯ ಚರ್ಚಿನವರ ಜೊತೆ ಸೇರುವ ಮಾತು. ಮಾರ್ಚ್ ಹತ್ತು, ಭಾನುವಾರ ತೀರ್ಮಾನ. ನಮ್ಮಲ್ಲಿ ಬಿಷಪ್ಪನಿಲ್ಲ, ಎತ್ತಿದ ಕೈಗಳೇ ತೀರ್ಪು.

ನನ್ನ ಗಂಡ ಮೆರಿಟ್ ಚರ್ಚಿನ ಕಡೆ ತಲೆಹಾಕುವವನಲ್ಲ. "ಹೋದ್ರೆ ಹೋಗ್ಲಿ ಬಿಡೆ. ದೇವ್ರೇನು ಆ ಬೆಂಚಿಗೇ ಅಂಟ್ಕೊಂಡಿದಾನಾ?"

"ದೇವ್ರಲ್ಲ. ನಾನು."

ಈ ಊರಿಗೆ ಬಂದು ಎರಡು ವರ್ಷ. ನನ್ನ ಎದೆಬಡಿತ ತಗ್ಗುವುದು ಅಲ್ಲೊಂದೇ ಕಡೆ.

ಮಾರ್ಚ್ 4. ಮಧ್ಯಾಹ್ನ

ಮಗುವಿನ ಜೊತೆ ಒಂದು ಜೊಂಪು. ಕನಸಿನಲ್ಲಿ ಚರ್ಚಿನ ಖಾಲಿ ಬೆಂಚುಗಳೆಲ್ಲ ತುಂಬಿದ್ದವು, ಯಾರೂ ಕೆಮ್ಮಲಿಲ್ಲ. ಥರ್ಜಾ ಮೊಣಕಾಲು ಸರಿಸಿ ಜಾಗ ಬಿಟ್ಟಳು. ಕಿಟಕಿಯ ಬೆಳಕು ಹಾಲಿನ ಹಾಗೆ. ಏಳಲು ಮನಸ್ಸಿರಲಿಲ್ಲ.

ಮಾರ್ಚ್ 8

ಚರ್ಚಿನ ಪುಸ್ತಕ ನೋಡಿಕೊಳ್ಳುವ ಮುದುಕ ಆರಿನ್ ಟಟಲ್ ಬಂದಿದ್ದರು. ಟೋಪಿ ತೆಗೆಯಲೇ ಇಲ್ಲ.

"ಮುಚ್ಚಬೇಕು ಅನ್ನೋರು ಹದಿನೆಂಟು. ಬೇಡ ಅನ್ನೋರು ನಿನ್ನನ್ನೂ ಸೇರಿಸಿ ಹದಿನೆಂಟು. ಸಮ ಆದ್ರೆ ಚರ್ಚು ಉಳಿಯುತ್ತೆ. ಆದ್ರೆ ತಾಯೀ, ಸತ್ತೋರ ಹೆಸರೆಲ್ಲ ನಿಂಗೆ ಬಾಯಿಪಾಠ, ನಿನ್ನ ಹೆಸರೇ ಪುಸ್ತಕದಲ್ಲಿಲ್ವಲ್ಲ. ಹೆಸರಿಲ್ದೋರು ಕೈ ಎತ್ತೋ ಹಾಗಿಲ್ಲ."

ನಿಜ. ಇವಳು ನಮ್ಮ ಸದಸ್ಯೆ, ನಿಮ್ಮಲ್ಲಿಗೆ ಕಳಿಸಿದ್ದೇವೆ ಎನ್ನುವ ಬೀಳ್ಕೊಡುಗೆಯ ಕಾಗದವನ್ನು ತವರಿನ ಚರ್ಚಿನಿಂದ ತರಿಸಿಲ್ಲ. ಪ್ರತಿ ಭಾನುವಾರ ಹೋದೆ, ಚರ್ಚಿನ ಊಟಕ್ಕೆ ಪೈ ಮಾಡಿದೆ, ಚರಿತ್ರೆ ಬರೆದೆ... ಕಾಗದ ಕೇಳುವುದೊಂದು ಬಿಟ್ಟು.

"ಕಾಗದ ಆಮೇಲೆ ಬರ್ಲಿ. ಅಲ್ಲಿಯವರ ಬಾಯಿಮಾತು ಬಂದ್ರೂ ಬರ್ಕೋತೀನಿ. ಆದ್ರೆ ಭಾನುವಾರ ದೇವ್ರ ದಿನ, ಬೆಳಕು ಹರಿದ ಮೇಲೆ ಲೇಖನಿ ಮುಟ್ಟಲ್ಲ. ನಮ್ಮಪ್ಪನೂ ಮುಟ್ದೋನಲ್ಲ."

ಮಾರ್ಚ್ 9. ರಾತ್ರಿ 11.40

ತವರಿನ ಚರ್ಚಿನಲ್ಲಿ ಕಾಗದ ಕೊಡುವ ಮಿಸ್ ಹಲ್ಡಾ ತಂಗಿಯ ಮನೆಗೆ ಹೋಗಿದ್ದಾರಂತೆ. "ರಾತ್ರಿ ಬಂದ್ರೆ ಹೇಳ್ತೀನಮ್ಮ, ಹಿಮ ಬೀಳ್ತಿದೆ ನೋಡು," ಅಂದಳು ಫೋನಿನಲ್ಲಿ ಅವರ ಪಕ್ಕದ ಮನೆಯಾಕೆ.

ಆರಿನ್ ಮನೆಯಲ್ಲಿ ದೀಪ ಇನ್ನೂ ಆರಿಲ್ಲ. ನನಗಾಗಿಯೇ ಎದ್ದಿದ್ದಾರೆ.

ಮಿಸ್ ಹಲ್ಡಾ, ನನಗೆ ದೀಕ್ಷಾಸ್ನಾನವಾದಾಗ ಎತ್ತಿಕೊಂಡವರು ನೀವೇ ಅಲ್ಲವೆ. ಕೋಟು ಬಿಚ್ಚುವುದಕ್ಕೂ ನಿಲ್ಲಬೇಡಿ. ಫೋನಿನ ಸದ್ದಿಗೆ ಮಗು ಎದ್ದರೆ ಏಳಲಿ. ಬೆಳಗಾಗುವ ಮೊದಲು ಒಂದು ಫೋನ್ ಮಾಡಿ, ನಮ್ಮವಳು ಅಂತ ಒಂದೇ ಒಂದು ಮಾತು, ದಯವಿಟ್ಟು ಬೆಳಗಾಗುವ ಮೊ—