ಕುದುರೆ ಕಥೆಯ ಇವತ್ತಿನ ಪದ

ಹೆಡ್‌ಮಾಸ್ಟರರಿಗೆ ನಮಸ್ಕಾರ.

ಅದೇ, ನಿನ್ನೆ ಗೇಟಿನ ಬಳಿ ಹೇಳುತ್ತಿದ್ದೆನಲ್ಲ, ನಿಮ್ಮ ಶಾಲೆಯಲ್ಲಿ ನನ್ನಾಕೆ ಪಾಠ ಮಾಡುತ್ತಿದ್ದ ಇಂಗ್ಲಿಷ್ ಕುದುರೆ ಕಾದಂಬರಿಯನ್ನು ಕಸವೆಂದು ನೀವು ಗುಜರಿಗೆ ಹಾಕಿಸಿದಿರಿ. ಆ ಕೊರಗಿನಲ್ಲೇ ಅವಳು ತೀರಿಹೋದಳು. ಅದನ್ನು ಗುಜರಿಯಿಂದ ಬಿಡಿಸಿ ತಂದು, ಜಗಲಿಯಲ್ಲಿ ಮಕ್ಕಳಿಗೆ ದಿನಕ್ಕೈದು ಇಂಗ್ಲಿಷ್ ಪದ ಕಲಿಸುತ್ತಿದ್ದೇನೆ. ಸ್ಯಾಡಲ್ ಎಂದರೆ ಜೀನು. ಅಲ್ಲಿಗೇ ನನ್ನ ಕಾಲೇಜು ಇಂಗ್ಲಿಷ್ ಏದುಸಿರು ಬಿಡುತ್ತದೆ.

ಇವತ್ತು ಕುದುರೆಯನ್ನು ಹೊಡೆದವನು ಅದರೆದುರು ತಲೆತಗ್ಗಿಸುವ ಪುಟ. ಪದ ಅಪಾಲಜಿ, ಎಂದರೆ ಕ್ಷಮಾಪಣೆ. ನಿಮ್ಮ ಮೊಮ್ಮಗಳು, “ಮೇಷ್ಟ್ರೇ, ನಮ್ಮ ತಾತ ಯಾವತ್ತಾದ್ರೂ ಕ್ಷಮೆ ಕೇಳಿದ್ದಾರಾ?” ಎಂದಳು.

“ಅವರನ್ನೇ ಕೇಳು ಪುಟ್ಟಿ,” ಎಂದೆ.

ಉತ್ತರ ಬರೆದೇ ಕಳಿಸಿ, ನನ್ನಾಕೆಯ ಹೆಸರು ಪೂರ್ತಿ ಇರಲಿ. ನಾಳೆ ಪುಟ್ಟಿ ಅದನ್ನು ಜಗಲಿಯಲ್ಲಿ ಎಲ್ಲರೆದುರು ಓದುತ್ತಾಳೆ. ಬೆಳಕು ಹೋಗುತ್ತಿದೆ, ಈ ಪತ್ರವನ್ನು ನಿಮಗೆ ತಲುಪಿಸಲು ಮೊಮ್ಮಗಳು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ.

ಇತಿ,
ನಿಮ್ಮ ಟೀಚರಮ್ಮನ ಗಂಡ